ಟಿಕೆಟ್ ಅಗ್ಗ, ಗ್ಲಾಸು ದುಬಾರಿ: ಕ್ರೂಸ್ ಹಡಗಿನ ಒಳಲೆಕ್ಕ

ಕ್ರೂಸ್ ಕಂಪನಿಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಕಾರ್ನಿವಲ್ ಕಾರ್ಪೊರೇಷನ್. 2024ರಲ್ಲಿ ಅದರ ಒಟ್ಟು ವರಮಾನ ಸುಮಾರು 2,500 ಕೋಟಿ ಡಾಲರ್. ಇದರಲ್ಲಿ ಟಿಕೆಟ್ ಮಾರಿ ಬಂದದ್ದು ಸುಮಾರು 1,650 ಕೋಟಿ. ಮಿಕ್ಕ 850 ಕೋಟಿ ಟಿಕೆಟ್ಟಿನ ಆಚೆಗಿನ ಖರ್ಚಿನಿಂದ ಬಂತು. ಬಾರು, ಕ್ಯಾಸಿನೊ, ಸ್ಪಾ, ವೈಫೈ, ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟು, ಬಂದರಿನಲ್ಲಿ ಇಳಿದಾಗಿನ ಸುತ್ತಾಟ, ಇಂಥವು. ಅಂದರೆ ಮೂರು ಡಾಲರಿನಲ್ಲಿ ಒಂದು ಡಾಲರ್ ಟಿಕೆಟ್ಟಿನದ್ದಲ್ಲ.

ಜಾಹೀರಾತಿನಲ್ಲಿ ಕಾಣುವ ಕ್ರೂಸ್ ದರ ಯಾಕೆ ಅಷ್ಟು ಕಡಿಮೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಒಂದು ಕ್ಯಾಬಿನ್ ಖಾಲಿ ಹೋದರೆ ಕಂಪನಿಗೆ ಎರಡು ನಷ್ಟ. ಟಿಕೆಟ್ ದುಡ್ಡೂ ಇಲ್ಲ, ಆ ಕ್ಯಾಬಿನ್ನಿನವರು ಬಾರಿನಲ್ಲಿ ಬಿಡುತ್ತಿದ್ದ ದುಡ್ಡೂ ಇಲ್ಲ. ಹಾಗಾಗಿ ದರ ಇಳಿಸಿಯಾದರೂ ಹಡಗು ತುಂಬಿಸುತ್ತಾರೆ. ಜನರೂ ಬರುತ್ತಿದ್ದಾರೆ. ಕೋವಿಡ್‌ಗೆ ಮುಂಚೆ, 2019ರಲ್ಲಿ, ಜಗತ್ತಿನಾದ್ಯಂತ ಕ್ರೂಸ್ ಹೋದವರು 2.97 ಕೋಟಿ ಜನ. 2024ರಲ್ಲಿ 3.46 ಕೋಟಿ.

ಹೊರಡುವ ಮುಂಚೆ ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಹಡಗಿನಲ್ಲಿ ಏನೇನಿದೆ? ಊಟ ಪೂರ್ತಿ ಟಿಕೆಟ್ಟಿನಲ್ಲೇ ಬರುತ್ತದಾ? ಡ್ರಿಂಕ್ ಪ್ಯಾಕೇಜ್, ಅಂದರೆ ದಿನಕ್ಕಿಷ್ಟು ಅಂತ ಮುಂಗಡ ಕಟ್ಟಿ ಗ್ಲಾಸಿಗೆ ಬೇರೆ ದುಡ್ಡಿಲ್ಲದೆ ಕುಡಿಯುವ ವ್ಯವಸ್ಥೆ, ತಗೊಳ್ಳಬೇಕಾ, ಬೇಡವಾ? ಈ ಮೂರನೆಯದರಲ್ಲೇ ಇಡೀ ವ್ಯಾಪಾರದ ಗುಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ. ಪ್ಯಾಕೇಜಿನ ಬೆಲೆ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದರ ನಿಯಮಗಳನ್ನು ಓದಬೇಕು. ಎಲ್ಲೆಲ್ಲಿ ತನ್ನ ದುಡ್ಡು ಸೋರಬಹುದು ಅಂತ ಕಂಪನಿಗೆ ಭಯವಿದೆಯೋ ಅಲ್ಲಲ್ಲಿ ಒಂದೊಂದು ನಿಯಮ ಕೂತಿರುತ್ತದೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಹಡಗಿನೊಳಗೆ ಒಂದು ಸುತ್ತು ಹಾಕೋಣ.

ಏಳು ಈಜುಕೊಳ, ಎಷ್ಟು ಜನ?

ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದಿ ಸೀಸ್ 2024ರ ಜನವರಿಯಲ್ಲಿ ಯಾನ ಶುರು ಮಾಡಿತು. 20 ಡೆಕ್, ಏಳು ಈಜುಕೊಳ, ಆರು ನೀರಿನ ಜಾರುಬಂಡಿ, ಜೊತೆಗೆ ಐಸ್ ಸ್ಕೇಟಿಂಗ್ ರಿಂಕ್. ಕಾರ್ನಿವಲ್‌ನ ಮಾರ್ಡಿ ಗ್ರಾ ಹಡಗಿನ ನೆತ್ತಿಯ ಮೇಲೆ 2021ರಿಂದ ರೋಲರ್ ಕೋಸ್ಟರ್ ಓಡುತ್ತಿದೆ. ನಾರ್ವೇಜಿಯನ್ ಕಂಪನಿಯ ಕೆಲವು ಹಡಗುಗಳಲ್ಲಿ ಗೋ-ಕಾರ್ಟ್ ಓಡಿಸಬಹುದು. ಕ್ಯೂನಾರ್ಡ್‌ನ ಕ್ವೀನ್ ಮೇರಿ 2ರಲ್ಲಿ ತಾರಾಲಯವಿದೆ, ಜೊತೆಗೆ ಕರೆತಂದ ನಾಯಿಗಳನ್ನು ಇಡುವ ಜಾಗವೂ ಇದೆ. ಸಮುದ್ರದ ನಡುವೆ ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಆಸೆ ಇದ್ದವರಿಗೆ ಬೇರೆ ಆಯ್ಕೆ ಹೆಚ್ಚಿಲ್ಲ.

ಈ ಪಟ್ಟಿ ಓದಿ ಮರುಳಾಗುವ ಮುಂಚೆ, ಇದ್ದದ್ದೆಲ್ಲ ಟಿಕೆಟ್ಟಿನಲ್ಲಿ ಬರುವುದಿಲ್ಲ ಅನ್ನುವುದು ನೆನಪಿರಲಿ. ರೋಲರ್ ಕೋಸ್ಟರಿಗೆ, ಗೋ-ಕಾರ್ಟಿಗೆ ಬೇರೆ ದುಡ್ಡು. ಜಿಮ್ ಪುಕ್ಕಟೆ, ಅಲ್ಲಿ ನಡೆಯುವ ಕ್ಲಾಸುಗಳಿಗೆ ಸಾಮಾನ್ಯವಾಗಿ ಶುಲ್ಕ. ಮಕ್ಕಳ ಕ್ಲಬ್ ಹಗಲೆಲ್ಲ ಪುಕ್ಕಟೆ, ರಾತ್ರಿ ಹತ್ತರ ಮೇಲೆ ಹೆಚ್ಚಿನ ಕಡೆ ಗಂಟೆಗಿಷ್ಟು ಅಂತ ಕೊಡಬೇಕು. ದೊಡ್ಡವರಿಗೆ ಮಾತ್ರ ಅಂತ ಮೀಸಲಿಟ್ಟ ಜಾಗವನ್ನೇ ತಗೊಳ್ಳಿ. ಕಾರ್ನಿವಲ್‌ನ ಸೆರೆನಿಟಿ ಡೆಕ್ಕಿಗೂ ರಾಯಲ್ ಕೆರಿಬಿಯನ್‌ನ ಸೋಲೇರಿಯಮ್ಮಿಗೂ ದುಡ್ಡು ಕೇಳುವುದಿಲ್ಲ. ಪ್ರಿನ್ಸೆಸ್ ಕಂಪನಿಯ ಸ್ಯಾಂಕ್ಚುಯರಿಗೆ ಕೇಳುತ್ತಾರೆ. ನಾರ್ವೇಜಿಯನ್‌ನ ವೈಬ್ ಬೀಚ್ ಕ್ಲಬ್ಬಿಗೆ ಪಾಸು ಬೇಕು, ಆ ಪಾಸುಗಳೂ ಎಣಿಸಿದಷ್ಟೇ. ಜಾಹೀರಾತಿನ ಚಿತ್ರದಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ. ಒರಗು ಕುರ್ಚಿ, ನೀಲಿ ನೀರು, ಕೈಯಲ್ಲಿ ಗ್ಲಾಸು.

ಇನ್ನು ಜಾಗದ ವಿಷಯ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಹಡಗಿನ ಗ್ರಾಸ್ ಟನೇಜ್ ಅನ್ನುವುದು ತೂಕ ಅಲ್ಲ, ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಅಂತ ಒಂದು ಅಂದಾಜು ಸಿಗುತ್ತದೆ. ಐಕಾನ್‌ನ ಟನೇಜ್ 2,48,663. ಕ್ಯಾಬಿನ್ನಿಗೆ ಇಬ್ಬರಂತೆ 5,610 ಜನ. ಭಾಗಿಸಿದರೆ 44. ಇದೇ ಲೆಕ್ಕದಲ್ಲಿ ಕ್ವೀನ್ ಮೇರಿ 2ಕ್ಕೆ 55, ವೈಕಿಂಗ್ ಕಂಪನಿಯ 930 ಜನರ ಹಡಗಿಗೆ 51. ಇಷ್ಟಕ್ಕೇ ನಿಂತರೆ ಐಕಾನ್ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂರನೆಯ, ನಾಲ್ಕನೆಯ ಹಾಸಿಗೆಗಳೂ ತುಂಬಿದರೆ ಅದರಲ್ಲಿ 7,600 ಜನ ಹಿಡಿಸುತ್ತಾರೆ. ಆಗ ಅದೇ ಸಂಖ್ಯೆ 33ಕ್ಕೆ ಇಳಿಯುತ್ತದೆ.

ಆ ಹಾಸಿಗೆಗಳು ತುಂಬುವುದು ಯಾವಾಗ? ಶಾಲೆಗಳಿಗೆ ರಜೆ ಇದ್ದಾಗ. ಅಂದರೆ ಒಂದೇ ಹಡಗು ರಜೆಯ ವಾರದಲ್ಲಿ ಒಂದು ಥರ, ಉಳಿದ ವಾರದಲ್ಲಿ ಇನ್ನೊಂದು ಥರ. ಏಳು ಈಜುಕೊಳ ಇದ್ದರೂ ಮಧ್ಯಾಹ್ನ ಒರಗು ಕುರ್ಚಿ ಸಿಗದೆ ಟವಲ್ ಹಿಡಿದು ಅಲೆಯುವವರು ಇರುತ್ತಾರೆ. ಬೆಳಗ್ಗೆ ಏಳಕ್ಕೇ ಟವಲ್, ಚಪ್ಪಲಿ, ಒಂದು ಪುಸ್ತಕ ಇಟ್ಟು ಕುರ್ಚಿ ಹಿಡಿದು ತಿಂಡಿಗೆ ಹೋಗುವವರೂ ಇರುತ್ತಾರೆ. ಇಷ್ಟು ಹೊತ್ತು ಖಾಲಿ ಬಿಟ್ಟ ಕುರ್ಚಿಯಿಂದ ಸಾಮಾನು ಎತ್ತಿಡುತ್ತೇವೆ ಅಂತ ಹಲವು ಹಡಗುಗಳಲ್ಲಿ ನಿಯಮವೇ ಇದೆ. ಅದನ್ನು ಮನಸ್ಸಿಟ್ಟು ಜಾರಿ ಮಾಡುವ ಹಡಗುಗಳು ಕಡಿಮೆ.

ನೂಕುನುಗ್ಗಲು ಬೇಡ ಅನ್ನುವವರಿಗೆ ಕಂಪನಿಗಳು ಇನ್ನೊಂದು ಸರಕು ಮಾರುತ್ತವೆ: ಹಡಗಿನೊಳಗೊಂದು ಹಡಗು. ನಾರ್ವೇಜಿಯನ್‌ನಲ್ಲಿ ಅದರ ಹೆಸರು ಹೇವನ್, ಎಂಎಸ್‌ಸಿಯಲ್ಲಿ ಯಾಟ್ ಕ್ಲಬ್, ಸೆಲೆಬ್ರಿಟಿಯಲ್ಲಿ ರಿಟ್ರೀಟ್. ಅವರಿಗೇ ಬೇರೆ ರೆಸ್ಟೋರೆಂಟು, ಬೇರೆ ಡೆಕ್. ಮೊದಲು ಇಕ್ಕಟ್ಟು ಮಾಡಿ ಆಮೇಲೆ ಇಕ್ಕಟ್ಟಿಲ್ಲದ ಜಾಗ ಮಾರುವ ಈ ಜಾಣತನಕ್ಕೆ ಏನೆನ್ನಬೇಕೋ!

ಒಂದು ಮಾತು ಹೇಳಿ ಈ ಭಾಗ ಮುಗಿಸುತ್ತೇನೆ. ಏಳು ರಾತ್ರಿಯ ಯಾನ ಅಂದರೆ ಏಳು ದಿನ ಹಡಗಿನಲ್ಲಿ ಆಡುವುದಲ್ಲ. ಮೊದಲ ದಿನ ಹತ್ತುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಮೂರು ನಾಲ್ಕು ದಿನ ಬಂದರುಗಳಲ್ಲಿ. ಪೂರ್ತಿ ಹಡಗಿನಲ್ಲೇ ಕಳೆಯುವುದು ಎರಡು ಮೂರು ದಿನ, ಅಷ್ಟೇ. ನಾಲ್ಕು ಬಂದರು ನೋಡುವ ಆಸೆಯವರು ಜಾರುಬಂಡಿಗೋಸ್ಕರ ದುಬಾರಿ ಹಡಗು ಹಿಡಿಯುವುದರಲ್ಲಿ ಅರ್ಥವಿಲ್ಲ. ಈ ಎರಡು ಮೂರು ದಿನದ ಲೆಕ್ಕ ಡ್ರಿಂಕ್ ಪ್ಯಾಕೇಜಿಗೂ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಪುಕ್ಕಟೆ ಊಟ ಎಲ್ಲಿಯವರೆಗೆ?

ಊಟದ ವಿಷಯದಲ್ಲಿ ಕ್ರೂಸ್ ಇನ್ನೂ ಒಳ್ಳೆಯ ವ್ಯವಹಾರವೇ. ಮೇನ್ ಡೈನಿಂಗ್ ರೂಮ್, ಬಫೆ, ಪಿಟ್ಜಾ, ಐಸ್‌ಕ್ರೀಮ್ ಹೆಚ್ಚಿನ ಹಡಗುಗಳಲ್ಲಿ ಟಿಕೆಟ್ಟಿನಲ್ಲೇ ಬರುತ್ತವೆ. ಒಂದು ಡಾಲರೂ ಬಿಚ್ಚದೆ ವಾರವಿಡೀ ಹೊಟ್ಟೆ ತುಂಬಾ ಉಣ್ಣಬಹುದು. ನೀರು, ಸಾದಾ ಕಾಫಿ, ಟೀ ಕೂಡ ಸಿಗುತ್ತವೆ.

ಆದರೆ ಪುಕ್ಕಟೆಯ ಗಡಿ ವರ್ಷದಿಂದ ವರ್ಷಕ್ಕೆ ಒಳಗೆ ಸರಿಯುತ್ತಿದೆ. ಕ್ಯಾಬಿನ್ನಿಗೆ ಊಟ ತರಿಸುವುದು ಒಂದು ಕಾಲದಲ್ಲಿ ಎಲ್ಲ ಕಡೆ ಪುಕ್ಕಟೆ ಇತ್ತು. ನಾರ್ವೇಜಿಯನ್ 2015ರಲ್ಲಿ, ರಾಯಲ್ ಕೆರಿಬಿಯನ್ 2017ರಲ್ಲಿ ಅದಕ್ಕೆ ಆರ್ಡರಿಗೆ 7.95 ಡಾಲರ್ ಶುಲ್ಕ ಹಾಕಿದವು. ಬೆಳಗಿನ ಬ್ರೆಡ್ಡು, ಹಣ್ಣಿನ ಸಾದಾ ತಿಂಡಿಗೆ ಮಾತ್ರ ಆಗ ವಿನಾಯಿತಿ ಇತ್ತು. ಡೈನಿಂಗ್ ರೂಮಿನಲ್ಲಿ ಎಷ್ಟು ಬೇಕಾದರೂ ತರಿಸಿಕೊಳ್ಳಿ ಅನ್ನುವುದು ಕ್ರೂಸಿನ ಹಳೆಯ ಹೆಮ್ಮೆ. ಕಾರ್ನಿವಲ್ 2022ರಿಂದ ಒಂದೇ ರಾತ್ರಿ ಮೂರನೆಯ ಮುಖ್ಯ ಖಾದ್ಯ ಕೇಳಿದರೆ 5 ಡಾಲರ್ ಹಾಕುತ್ತದೆ. ಆಹಾರ ದಂಡವಾಗುತ್ತದೆ ಅನ್ನುವುದು ಕಾರಣ. ಮೂರು ತಟ್ಟೆ ತರಿಸಿ ಎರಡೆರಡು ತುತ್ತು ತಿಂದು ಬಿಡುವವರನ್ನು ನೋಡಿದರೆ ಆ ಕಾರಣ ಸುಳ್ಳಲ್ಲ ಅನ್ನಿಸುತ್ತದೆ.

ಒಂದೇ ತಿನಿಸು ಎರಡು ಕಡೆ ಎರಡು ಲೆಕ್ಕ ಆಗುವುದೂ ಉಂಟು. ಕಾರ್ನಿವಲ್ ಹಡಗುಗಳ ಗೈಸ್ ಬರ್ಗರ್ ಜಾಯಿಂಟ್‌ನಲ್ಲಿ ಬರ್ಗರ್ ಪುಕ್ಕಟೆ. ರಾಯಲ್ ಕೆರಿಬಿಯನ್‌ನ ಕೆಲವು ಹಡಗುಗಳಲ್ಲಿರುವ ಜಾನಿ ರಾಕೆಟ್ಸ್‌ನಲ್ಲಿ ಬರ್ಗರಿಗೆ ದುಡ್ಡು. ಹೀಗಾಗಿ "ಹಡಗಿನಲ್ಲಿ 20 ರೆಸ್ಟೋರೆಂಟ್ ಇದೆ" ಅಂದಾಗ ಕೇಳಬೇಕಾದ್ದು ಒಂದೇ. ಟಿಕೆಟ್ಟಿನಲ್ಲಿ ಬರುವುದು ಎಷ್ಟು? ವರ್ಜಿನ್ ವಾಯೇಜಸ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಬಫೆಯೂ ಇಲ್ಲ, ಸಾವಿರ ಜನ ಕೂರುವ ದೊಡ್ಡ ಹಾಲೂ ಇಲ್ಲ. ಬದಲಿಗೆ ಚಿಕ್ಕ ಚಿಕ್ಕ ರೆಸ್ಟೋರೆಂಟುಗಳು, ಎಲ್ಲವೂ ಟಿಕೆಟ್ಟಿನಲ್ಲೇ. ವೈಕಿಂಗ್‌ನ ಸಮುದ್ರದ ಹಡಗುಗಳಲ್ಲೂ ವಿಶೇಷ ರೆಸ್ಟೋರೆಂಟಿಗೆ ಬೇರೆ ಶುಲ್ಕವಿಲ್ಲ. ಮಧ್ಯಾಹ್ನ, ರಾತ್ರಿ ಊಟದ ಜೊತೆ ವೈನ್, ಬಿಯರ್ ಕೂಡ ಸೇರಿದೆ. ಅಲ್ಲಿ 18 ತುಂಬದವರಿಗೆ ಪ್ರವೇಶವಿಲ್ಲ, ಕ್ಯಾಸಿನೊನೂ ಇಲ್ಲ. ಟಿಕೆಟ್ ಮಾತ್ರ ಅದಕ್ಕೆ ತಕ್ಕಂತೆ ಜಾಸ್ತಿ.

ಡಿಸ್ನಿ ಹಡಗುಗಳ ಪದ್ಧತಿ ನನಗೆ ಹಿಡಿಸುತ್ತದೆ. ದಿನಕ್ಕೊಂದು ರೆಸ್ಟೋರೆಂಟ್ ಬದಲಾಗುತ್ತದೆ, ಬಡಿಸುವವರು ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ಮಗುವಿಗೆ ಯಾವ ತಿಂಡಿ ಆಗದು, ಅಜ್ಜಿಗೆ ಎಷ್ಟು ಬಿಸಿ ಬೇಕು ಅನ್ನುವುದು ಎರಡನೇ ದಿನಕ್ಕೇ ಅವರಿಗೆ ಗೊತ್ತಿರುತ್ತದೆ. ಬೇರೆ ಕಂಪನಿಗಳಲ್ಲೂ ದಿನಾ ಒಂದೇ ಹೊತ್ತು, ಒಂದೇ ಟೇಬಲ್ ಅನ್ನುವ ಹಳೆಯ ಕ್ರಮ ಆರಿಸಿಕೊಂಡರೆ ಈ ಸುಖ ಸಿಗುತ್ತದೆ. ಬೇಕಾದಾಗ ಹೋಗಿ ಉಣ್ಣುವ ಕ್ರಮದಲ್ಲಿ ದಿನಾ ಹೊಸ ಮುಖಕ್ಕೆ ಹೊಸದಾಗಿ ಹೇಳಬೇಕು. ಅಲರ್ಜಿ, ಪಥ್ಯ ಇದ್ದವರಿಗೆ ನಾನು ಹಳೆಯ ಕ್ರಮವನ್ನೇ ಹೇಳುತ್ತೇನೆ.

ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟುಗಳಿಗೆ ಮುಂಗಡ ಕಟ್ಟುವ ಡೈನಿಂಗ್ ಪ್ಯಾಕೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ರಾತ್ರಿಗಿಂತ ಹೆಚ್ಚು ಸ್ಟೇಕ್‌ಹೌಸ್, ಸುಶಿ ಅಂತ ಹೋಗುವವರಿಗೆ ಲಾಭ, ಉಳಿದವರಿಗೆ ಬೇಡ. ಮುಖ್ಯ ಬಾಣಸಿಗರ ವಿಶೇಷ ಊಟವಾದ ಷೆಫ್ಸ್ ಟೇಬಲ್‌ನಂಥವು ಈ ಪ್ಯಾಕೇಜಿನಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ.

ಬಫೆ ಬಗ್ಗೆ ಒಂದು ಮಾತು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ಅಡುಗೆಮನೆ, ನೀರು, ಈಜುಕೊಳಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮುನ್ಸೂಚನೆ ಕೊಡದೆ ಬಂದು ತಪಾಸಣೆ ಮಾಡುತ್ತದೆ. 100ಕ್ಕೆ ಅಂಕ. 86ಕ್ಕಿಂತ ಕಡಿಮೆ ಬಂದರೆ ನಪಾಸು. ಅಂಕಗಳು ಸಾರ್ವಜನಿಕರಿಗೆ ಸಿಗುತ್ತವೆ. ಹೊಟ್ಟೆ ಕೆಡಿಸುವ ನೋರೊವೈರಸ್ ಕಂಡಾಗ ಬಫೆಯಲ್ಲಿ ಸೌಟು ಹಿಡಿಯುವ ಕೆಲಸ ಸಿಬ್ಬಂದಿಗೆ ಹೋಗುತ್ತದೆ, ನೀವೇ ಬಡಿಸಿಕೊಳ್ಳುವಂತಿಲ್ಲ. ಹಡಗಿನ ಹೆಸರು ಹುಡುಕಿ ಅಂಕ ನೋಡಲು ಎರಡು ನಿಮಿಷ ಸಾಕು. ಈಜುಕೊಳದ ಫೋಟೊ ನೋಡುವುದಕ್ಕಿಂತ ಇದು ಉಪಯೋಗ.

ಗ್ಲಾಸಿನ ಗಣಿತ

ಈಗ ಮುಖ್ಯ ವಿಷಯ. ಅಲ್ಕೋಹಾಲ್ ಸೇರಿದ ಪ್ಯಾಕೇಜ್ ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ತಲಾ 60 ಡಾಲರಿನಿಂದ 100ರ ಮೇಲಿನವರೆಗೂ ಇರುತ್ತದೆ. ಹಡಗು, ಸೀಸನ್, ಕೊಂಡ ದಿನ ನೋಡಿ ಬೆಲೆ ಏರಿಳಿಯುತ್ತದೆ. ಇದರ ಮೇಲೆ ಟಿಪ್ಸ್ ಅಂತ ಇನ್ನೂ 18 ಅಥವಾ 20 ಪರ್ಸೆಂಟ್. ಜಾಹೀರಾತಿನ ಬೆಲೆಯಲ್ಲಿ ಈ ಟಿಪ್ಸ್ ಸಾಮಾನ್ಯವಾಗಿ ಕಾಣುವುದಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಪ್ಯಾಕೇಜ್ ದಿನಕ್ಕೆ 75 ಡಾಲರ್ ಅಂತಿಟ್ಟುಕೊಳ್ಳಿ. ಬಿಡಿಯಾಗಿ ಕೊಂಡರೂ ಅಷ್ಟೇ ಪರ್ಸೆಂಟ್ ಟಿಪ್ಸ್ ಬೀಳುವುದರಿಂದ ಎರಡೂ ಕಡೆ ಅದನ್ನು ಬಿಟ್ಟು ಲೆಕ್ಕ ಹಾಕಬಹುದು. ಬೆಳಗ್ಗೆ ಒಂದು ಒಳ್ಳೆಯ ಕಾಫಿ, 5 ಡಾಲರ್. ಮಧ್ಯಾಹ್ನ ಒಂದು ಸೋಡಾ, 4. ಈಜುಕೊಳದ ಪಕ್ಕ ಎರಡು ಬಿಯರ್, 18. ಊಟಕ್ಕೆ ಮುಂಚೆ ಒಂದು ಕಾಕ್‌ಟೇಲ್, ಊಟದ ಜೊತೆ ಒಂದು ವೈನ್, ಷೋ ಮುಗಿದ ಮೇಲೆ ಇನ್ನೊಂದು ಕಾಕ್‌ಟೇಲ್. ಅವು 14, 13, 14. ಒಟ್ಟು 68. ಐದು ಗ್ಲಾಸ್ ಅಲ್ಕೋಹಾಲ್, ಎರಡು ಬೇರೆ ಪಾನೀಯ, ಆದರೂ 75 ಮುಟ್ಟಲಿಲ್ಲ. ಇದು ಒಂದು ದಿನ ಅಲ್ಲ, ಏಳು ದಿನವೂ ಹೀಗೇ ನಡೆಯಬೇಕು. ಬಂದರಿನಲ್ಲಿ ಬೆಳಗ್ಗೆ ಎಂಟಕ್ಕೆ ಇಳಿದು ಸಂಜೆ ಐದಕ್ಕೆ ಹತ್ತುವ ದಿನವೂ ನಡೆಯಬೇಕು. ಅಲ್ವಾ?

ಈ ಲೆಕ್ಕವನ್ನು ಎಲ್ಲರೂ ಹೀಗೇ ಹಾಕಿದರೆ ಜಾಸ್ತಿ ಕುಡಿಯುವವರು ಮಾತ್ರ ಪ್ಯಾಕೇಜ್ ಕೊಳ್ಳುತ್ತಾರೆ. ದಿನಕ್ಕೆ ಹತ್ತು ಗ್ಲಾಸ್ ಇಳಿಸುವವನಿಂದ ಕಂಪನಿಗೆ ಲಾಭವಿಲ್ಲ. ಪ್ಯಾಕೇಜಿನಿಂದ ಲಾಭ ಬರುವುದು ಮೂರು ಗ್ಲಾಸಿಗೆ ಸಾಕು ಅನ್ನುವವರೂ ಅದೇ ದುಡ್ಡು ಕಟ್ಟಿದಾಗ. ಅವರನ್ನು ಒಳಗೆ ತರುವುದು ಹೇಗೆ? ಇಲ್ಲಿಂದ ನಿಯಮಗಳು ಶುರು.

ಮೊದಲನೆಯದು, ಹೆಚ್ಚಿನ ಕಡೆ ಒಂದು ದಿನಕ್ಕೆ ಅಂತ ಕೊಳ್ಳುವಂತಿಲ್ಲ. ಪೂರ್ತಿ ಯಾನಕ್ಕೆ ಕೊಳ್ಳಬೇಕು. ಸಮುದ್ರದಲ್ಲಿರುವ ಎರಡು ದಿನಕ್ಕೆ ಮಾತ್ರ ಕೊಡಿ ಅಂದರೆ ಕೊಡುವುದಿಲ್ಲ. ಆ ಎರಡು ದಿನ ಗಿರಾಕಿಗೆ ಲಾಭ, ಬಂದರಿನ ದಿನಗಳು ಕಂಪನಿಗೆ ಲಾಭ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಮಾತ್ರ ಅವರ ಲೆಕ್ಕ ಸರಿಹೋಗುತ್ತದೆ.

ಎರಡನೆಯದು ಹೆಚ್ಚು ಜಗಳಕ್ಕೆ ಕಾರಣವಾಗುವ ನಿಯಮ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಕೊಂಡರೆ ಕುಡಿಯುವ ವಯಸ್ಸಿನ ಎಲ್ಲರೂ ಕೊಳ್ಳಬೇಕು. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡರಲ್ಲೂ ಇದಿದೆ. ಒಬ್ಬರು ಕೊಂಡು ಇಬ್ಬರು ಕುಡಿಯುತ್ತಾರೆ ಅನ್ನುವುದು ಕಂಪನಿ ಹೇಳುವ ಕಾರಣ. ಅದು ನಿಜವೂ ಹೌದು. ಆದರೆ ಇದರಿಂದ ಕುಡಿಯದವರ ದುಡ್ಡೂ ಬರುತ್ತದೆ ಅನ್ನುವುದೂ ಅಷ್ಟೇ ನಿಜ. ಮೇಲಿನ ಉದಾಹರಣೆಗೇ ಹೋಗೋಣ. ಗಂಡ ದಿನಕ್ಕೆ 68 ಡಾಲರಿನಷ್ಟು ಕುಡಿಯುತ್ತಾನೆ. ಹೆಂಡತಿಗೆ ಒಂದು ಕಾಫಿ, ಎರಡು ಸೋಡಾ ಸಾಕು, 13 ಡಾಲರ್. ಇಬ್ಬರದ್ದೂ ಸೇರಿ 81. ಪ್ಯಾಕೇಜ್ 150. ಏಳು ದಿನಕ್ಕೆ, 18 ಪರ್ಸೆಂಟ್ ಟಿಪ್ಸ್ ಸೇರಿಸಿ, ಪ್ಯಾಕೇಜಿಗೆ 1,239 ಡಾಲರ್. ಬಿಡಿಯಾಗಿ ಕೊಂಡರೆ 670ರ ಸುಮಾರು. ಒಬ್ಬರು ಕುಡಿದು ಇನ್ನೊಬ್ಬರು ಕುಡಿಯದ ಮನೆಗೆ ಪ್ಯಾಕೇಜ್ ಹೆಚ್ಚುಕಡಿಮೆ ಯಾವತ್ತೂ ಕೈ ಕಚ್ಚುತ್ತದೆ. ಗರ್ಭಿಣಿಯರು, ಆರೋಗ್ಯದ ಕಾರಣಕ್ಕೆ ಕುಡಿಯಬಾರದವರು ಮುಂಚೆಯೇ ಫೋನ್ ಮಾಡಿ ಕೇಳಿದರೆ ಕೆಲವು ಕಂಪನಿಗಳು ಅಲ್ಕೋಹಾಲ್ ಇಲ್ಲದ ಅಗ್ಗದ ಪ್ಯಾಕೇಜ್ ಕೊಳ್ಳಲು ಬಿಡುತ್ತವೆ. ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಮೂರನೆಯದು ಗ್ಲಾಸಿನ ಬೆಲೆಯ ಮಿತಿ. ರಾಯಲ್ ಕೆರಿಬಿಯನ್‌ನಲ್ಲಿ 14 ಡಾಲರಿನವರೆಗಿನ ಗ್ಲಾಸು, ಕಾರ್ನಿವಲ್‌ನ ಚಿಯರ್ಸ್ ಪ್ಯಾಕೇಜಿನಲ್ಲಿ 20 ಡಾಲರಿನವರೆಗಿನದು. ಮಿತಿ ದಾಟಿದರೆ ಏನಾಗುತ್ತದೆ ಅನ್ನುವುದು ಮಿತಿಗಿಂತ ಮುಖ್ಯ. ಕೆಲವು ಕಡೆ ಮೇಲಿನ ವ್ಯತ್ಯಾಸ ಕೊಟ್ಟರೆ ಸಾಕು. 14ರ ಮಿತಿ ಇದ್ದು 17ರ ಕಾಕ್‌ಟೇಲ್ ಕೇಳಿದರೆ 3 ಡಾಲರ್. ಇನ್ನು ಕೆಲವು ಕಡೆ ಮಿತಿ ದಾಟಿದ ಗ್ಲಾಸಿಗೆ ಪ್ಯಾಕೇಜ್ ಲೆಕ್ಕಕ್ಕೇ ಬರುವುದಿಲ್ಲ, ಸಣ್ಣ ರಿಯಾಯಿತಿ ಕಳೆದು ಉಳಿದದ್ದನ್ನು ನೀವೇ ಕೊಡಬೇಕು. ಎರಡಕ್ಕೂ ಅಜಗಜಾಂತರ. ಮೆನುವಿನ ಬೆಲೆಗಳು ವರ್ಷ ವರ್ಷ ಏರುತ್ತವೆ, ಮಿತಿ ಅದೇ ವೇಗದಲ್ಲಿ ಏರುವುದಿಲ್ಲ. ಇದೂ ಒಂದು ಸದ್ದಿಲ್ಲದ ಬೆಲೆ ಏರಿಕೆ.

ನಾಲ್ಕನೆಯದು ಎಣಿಕೆ. ಕಾರ್ನಿವಲ್‌ನಲ್ಲಿ 24 ಗಂಟೆಗೆ 15 ಗ್ಲಾಸ್ ಅಲ್ಕೋಹಾಲ್, ಅದಕ್ಕೆ ಮೇಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪ್ರಿನ್ಸೆಸ್‌ನ ಪ್ಲಸ್ ಪ್ಯಾಕೇಜಿನಲ್ಲೂ ದಿನಕ್ಕೆ 15. ಒಂದು ಗ್ಲಾಸಿನ ನಂತರ ಇನ್ನೊಂದಕ್ಕೆ ಕಾರ್ನಿವಲ್‌ನಲ್ಲಿ ಐದು ನಿಮಿಷ ಕಾಯಬೇಕು, ಒಂದು ಸಲಕ್ಕೆ ಒಂದೇ ಗ್ಲಾಸ್. ಬಾರ್‌ಟೆಂಡರ್ ಕಾರ್ಡ್ ಉಜ್ಜಿದಾಗ ಪರದೆಯ ಮೇಲೆ ನಿಮ್ಮ ಫೋಟೊ ಬರುತ್ತದೆ. ಹಂಚಿಕೊಂಡು ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದು, ದುಡ್ಡು ವಾಪಸ್ಸಿಲ್ಲ. 15ರ ಮಿತಿ ಯಾರಿಗಾದರೂ ಕಡಿಮೆ ಅನ್ನಿಸಿದರೆ ಅವರ ಸಮಸ್ಯೆ ಪ್ಯಾಕೇಜಿನದ್ದಲ್ಲ, ಬಿಡಿ. ನನ್ನ ಅಳುಕು ಬೇರೆ. ಮುಂಗಡ ದುಡ್ಡು ಕಟ್ಟಿದ ಮನುಷ್ಯ ಅದನ್ನು ವಸೂಲಿ ಮಾಡಲು ಹೊರಡುತ್ತಾನೆ. ಮೂರಕ್ಕೆ ನಿಲ್ಲುತ್ತಿದ್ದವನು ಆರಕ್ಕೆ ಹೋಗುತ್ತಾನೆ. ಉಳಿತಾಯ ಅಂತ ಅವನು ಹೇಳುವುದು ಕುಡಿಯಬೇಕಿಲ್ಲದ ಮೂರು ಗ್ಲಾಸಿನ ಬೆಲೆಯನ್ನು.

ಇನ್ನು ಸಣ್ಣ ಅಕ್ಷರಗಳು. ಕ್ಯಾಬಿನ್ನಿನ ಮಿನಿಬಾರ್, ಇಡೀ ಬಾಟಲಿ, ನೆನಪಿಗೆ ಅಂತ ಕೊಡುವ ಗ್ಲಾಸು, ರೂಮ್ ಸರ್ವಿಸ್ ಇವೆಲ್ಲ ಹೆಚ್ಚಾಗಿ ಪ್ಯಾಕೇಜಿನ ಹೊರಗೆ. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಕುಡಿಯುವ ವಯಸ್ಸು 21, ಯುರೋಪಿನಿಂದ ಹೊರಡುವುದರಲ್ಲಿ ಸಾಮಾನ್ಯವಾಗಿ 18. 19 ವರ್ಷದ ಮಗ ಜೊತೆಗಿದ್ದರೆ ಹೊರಡುವ ಬಂದರಿನ ಮೇಲೆ ನಿಮ್ಮ ಲೆಕ್ಕ ಬದಲಾಗುತ್ತದೆ. ಕೆಲವು ಬಂದರುಗಳಲ್ಲಿ ಸ್ಥಳೀಯ ಕಾನೂನಿನಿಂದಾಗಿ ಮೊದಲ ಸಂಜೆ ಪ್ಯಾಕೇಜ್ ನಡೆಯುವುದೇ ಇಲ್ಲ.

ಚಾಪೆ ಮತ್ತು ರಂಗೋಲಿ

ಗಿರಾಕಿಗಳೂ ಕಮ್ಮಿ ಇಲ್ಲ. ಗಂಡ ಹೆಂಡತಿ ಎರಡು ಕ್ಯಾಬಿನ್ ತಗೊಂಡು, ಕಾಗದದ ಮೇಲೆ ಕುಡಿಯುವವರನ್ನೆಲ್ಲ ಒಂದರಲ್ಲಿ, ಮಕ್ಕಳು ಮತ್ತು ಕುಡಿಯದವರನ್ನು ಇನ್ನೊಂದರಲ್ಲಿ ಹಾಕುವುದು ಹಳೆಯ ಉಪಾಯ. ನೀರಿನ ಬಾಟಲಿಯಲ್ಲಿ ವೋಡ್ಕಾ, ಮೌತ್‌ವಾಷ್ ಬಾಟಲಿಯಲ್ಲಿ ಬಣ್ಣ ಬೆರೆಸಿದ ಜಿನ್ ತರುವುದು ಇನ್ನೂ ಹಳೆಯದು. ಕಾರ್ನಿವಲ್ 2015ರಲ್ಲಿ ನೀರು, ಸೋಡಾ ಬಾಟಲಿಗಳನ್ನೇ ನಿಷೇಧಿಸಿತು. ಈಗ ತಲೆಗೆ 12 ಕ್ಯಾನ್ ಸೋಡಾ ತರಬಹುದು, ಬಾಟಲಿ ತರುವಂತಿಲ್ಲ. ಕ್ಯಾನ್ ಬಿಚ್ಚಿ ಮತ್ತೆ ಮುಚ್ಚಲು ಬರುವುದಿಲ್ಲವಲ್ಲ! ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಅನ್ನುವ ಆಟ ಇದು.

ಆದರೆ ನುಸುಳದೆ, ನೇರವಾಗಿ ಉಳಿಸುವ ದಾರಿಗಳೂ ಇವೆ. ಹತ್ತುವ ದಿನ ವಯಸ್ಕರಿಗೆ ತಲಾ 750 ಮಿಲಿಯ ಒಂದು ವೈನ್ ಬಾಟಲಿ ತರಲು ಕಾರ್ನಿವಲ್, ರಾಯಲ್ ಕೆರಿಬಿಯನ್ ಎರಡೂ ಬಿಡುತ್ತವೆ. ಡಿಸ್ನಿಯಲ್ಲಿ ಇನ್ನೂ ಉದಾರ: ತಲಾ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್, ಅದೂ ಹತ್ತುವ ದಿನ ಮಾತ್ರವಲ್ಲ, ಪ್ರತಿ ಬಂದರಿನಲ್ಲೂ. ಡಿಸ್ನಿಯಲ್ಲಿ ಅನಿಯಮಿತ ಡ್ರಿಂಕ್ ಪ್ಯಾಕೇಜೇ ಇಲ್ಲ. ಡೆಕ್ಕಿನ ಮೇಲಿನ ಸೋಡಾ ಪುಕ್ಕಟೆ. ವರ್ಜಿನ್‌ನಲ್ಲೂ ಅಂಥ ಪ್ಯಾಕೇಜಿಲ್ಲ, ಮುಂಗಡವಾಗಿ ಒಂದಿಷ್ಟು ದುಡ್ಡು ಹಾಕಿ ಕುಡಿದಷ್ಟು ಕಳೆಯುವ ಪದ್ಧತಿ. ಉಳಿದ ಕಂಪನಿಗಳಲ್ಲಿ ಕಾಫಿ, ಸೋಡಾ, ಜ್ಯೂಸ್ ಸೇರಿದ ಅಲ್ಕೋಹಾಲ್ ಇಲ್ಲದ ಪ್ಯಾಕೇಜ್ ಸಿಗುತ್ತದೆ. ಆದರೆ ಅದು ಕೂಡ ದಿನಕ್ಕೆ ನಾಲ್ಕೈದು ಸಲ ಕುಡಿಯುವವರಿಗೆ ಮಾತ್ರ. ಒಂದು ಕಾಫಿಯವರು ಸುಮ್ನೆ ಬಿಡಿಯಾಗಿ ಕೊಳ್ಳಬಹುದು. ಪದೇ ಪದೇ ಒಂದೇ ಕಂಪನಿಯಲ್ಲಿ ಹೋಗುವವರಿಗೆ ಪುಕ್ಕಟೆ ಗ್ಲಾಸುಗಳೇ ಸಿಗುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ ಡೈಮಂಡ್ ಮಟ್ಟ ತಲುಪಿದವರಿಗೆ ದಿನಕ್ಕೆ ನಾಲ್ಕು. ಅವರು ಪ್ಯಾಕೇಜ್ ಕೊಂಡರೆ ಇದ್ದ ಸವಲತ್ತನ್ನು ದುಡ್ಡು ಕೊಟ್ಟು ಮತ್ತೆ ಕೊಂಡ ಹಾಗೆ.

ಈಚೆಗೆ ಜಾಸ್ತಿಯಾಗಿರುವುದು ಹಲವು ಸವಲತ್ತನ್ನು ಒಂದೇ ಬೆಲೆಗೆ ಒಟ್ಟಿಗೆ ಮಾರುವ ಕಟ್ಟುಗಳು. ಪ್ರಿನ್ಸೆಸ್ ಪ್ಲಸ್ ಅಂಥದ್ದು. ಡ್ರಿಂಕ್, ವೈಫೈ, ಟಿಪ್ಸ್ ಮೂರೂ ಸೇರಿ ದಿನಕ್ಕೆ 60 ಡಾಲರಿನ ಆಸುಪಾಸು. ಇದನ್ನು ನೋಡುವ ರೀತಿ ಬೇರೆ. ಸಾಮಾನ್ಯ ಕ್ಯಾಬಿನ್ನಿಗೆ ದಿನದ ಟಿಪ್ಸ್ ದೊಡ್ಡ ಕಂಪನಿಗಳಲ್ಲಿ ತಲಾ 16ರಿಂದ 20 ಡಾಲರ್, ಅದನ್ನು ಸಾಮಾನ್ಯವಾಗಿ ಹೇಗೂ ಕೊಡುತ್ತೀರಿ. ವೈಫೈಗೆ 20ರ ಸುಮಾರು, ಅದೂ ಬೇಕೇ ಬೇಕು ಅಂತಿದ್ದರೆ ಕಳೆಯಿರಿ. ಡ್ರಿಂಕಿಗೆ ಉಳಿಯುವುದು 20 ಚಿಲ್ಲರೆ. ದಿನಕ್ಕೆ ಎರಡು ಗ್ಲಾಸ್ ಕುಡಿದರೆ ದುಡ್ಡು ಬಂತು. ಬಿಡಿ ಪ್ಯಾಕೇಜಿನ ಐದಾರು ಗ್ಲಾಸಿನ ಲೆಕ್ಕಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ವೈಫೈ ಬೇಡದವರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

"ಫ್ರೀ" ಅನ್ನುವ ಕಟ್ಟುಗಳಲ್ಲಿ ಇನ್ನೊಂದು ತಿರುವಿದೆ. ನಾರ್ವೇಜಿಯನ್‌ನ ಫ್ರೀ ಅಟ್ ಸೀ ಕೊಡುಗೆಯಲ್ಲಿ ಡ್ರಿಂಕ್ ಪ್ಯಾಕೇಜ್ ಪುಕ್ಕಟೆ, ಆದರೆ ಅದರ ಮೂಲ ಬೆಲೆಯ ಮೇಲೆ 20 ಪರ್ಸೆಂಟ್ ಸೇವಾ ಶುಲ್ಕ ಕಟ್ಟಬೇಕು. ದಿನಕ್ಕೆ ತಲಾ 20 ಡಾಲರಿಗೂ ಮೇಲೆ ಹೋಗುತ್ತದೆ. ದಿನಕ್ಕೆ ಎರಡು ಗ್ಲಾಸ್ ಕುಡಿಯುವವರಿಗೆ ಆಗಲೂ ಇದು ಒಳ್ಳೆಯ ವ್ಯವಹಾರವೇ. ಕುಡಿಯದವರು ಮಾತ್ರ "ಫ್ರೀ ಅಲ್ವಾ, ಇರಲಿ" ಅಂತ ಟಿಕ್ ಮಾಡಬಾರದು.

ಪ್ಯಾಕೇಜ್ ಕೊಳ್ಳುವುದೇ ಆದರೆ ಹಡಗು ಹತ್ತುವ ಮುಂಚೆ ಆನ್‌ಲೈನಿನಲ್ಲಿ ಕೊಳ್ಳಿ. ಹಡಗಿನಲ್ಲಿ ದರ ಸಾಮಾನ್ಯವಾಗಿ ಜಾಸ್ತಿ. ರಾಯಲ್ ಕೆರಿಬಿಯನ್‌ನಲ್ಲಿ ಮುಂಚೆ ಕೊಂಡದ್ದನ್ನು ಯಾನಕ್ಕೆ ಮೊದಲು ರದ್ದು ಮಾಡಿ, ದರ ಇಳಿದಾಗ ಮತ್ತೆ ಕೊಳ್ಳಬಹುದು. ಹಬ್ಬಗಳ ಮಾರಾಟದ ಹೊತ್ತಿಗೆ ಒಂದು ಕಣ್ಣಿಟ್ಟಿರಿ.

ಕೊನೆಯದಾಗಿ ದ್ವೀಪಗಳು. ದೊಡ್ಡ ಕಂಪನಿಗಳೆಲ್ಲ ಬಹಾಮಾಸ್‌ನಲ್ಲಿ ತಮ್ಮದೇ ಕಡಲತೀರ ಕಟ್ಟಿಕೊಂಡಿವೆ. ರಾಯಲ್ ಕೆರಿಬಿಯನ್‌ನ ಕೊಕೊಕೇ, ನಾರ್ವೇಜಿಯನ್‌ನ ಗ್ರೇಟ್ ಸ್ಟಿರಪ್ ಕೇ, 2025ರ ಜುಲೈನಲ್ಲಿ ತೆರೆದ ಕಾರ್ನಿವಲ್‌ನ ಸೆಲೆಬ್ರೇಷನ್ ಕೀ. ಹಡಗಿನಿಂದ ಇಳಿದ ಮೇಲೂ ದುಡ್ಡು ಅದೇ ಗಲ್ಲಾಕ್ಕೆ ಬೀಳಬೇಕು ಅನ್ನುವುದು ಇದರ ಹಿಂದಿನ ವಿಚಾರ. ಕೊಕೊಕೇಯಲ್ಲಿ ಹಡಗಿನ ಡ್ರಿಂಕ್ ಪ್ಯಾಕೇಜ್ ನಡೆಯುತ್ತದೆ. ಗ್ರೇಟ್ ಸ್ಟಿರಪ್ ಕೇಯಲ್ಲೂ ನಡೆಯುತ್ತಿತ್ತು. 2026ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ ಅಂತ ನಾರ್ವೇಜಿಯನ್ 2025ರಲ್ಲಿ ಘೋಷಿಸಿತು. ಅಷ್ಟರಲ್ಲಿ ಎಷ್ಟೋ ಜನ ಟಿಕೆಟ್ ತಗೊಂಡಾಗಿತ್ತು, ಅವರು ಸಿಟ್ಟಾದರು. ಇಂಥ ಬದಲಾವಣೆ ಮಾಡುವ ಹಕ್ಕನ್ನು ಕಂಪನಿಗಳು ಟಿಕೆಟ್ಟಿನ ಕರಾರಿನಲ್ಲೇ ಉಳಿಸಿಕೊಂಡಿರುತ್ತವೆ. ಹಾಗಾಗಿ ಬುಕ್ ಮಾಡಿದ ದಿನ ಪ್ಯಾಕೇಜಿನ ನಿಯಮದ ಪುಟವನ್ನು ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊನೆಯ ಕಂತು ಕಟ್ಟುವ ಮುಂಚೆ ಅದೇ ಪುಟ ಮತ್ತೆ ತೆರೆದು ನೋಡಿ. ನಿಯಮ ಬದಲಾಗಿದ್ದರೆ ಕಂಪನಿಗೆ ಫೋನ್ ಮಾಡಿ ಪರಿಹಾರವಾಗಿ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನಲ್ಲೇ ಖರ್ಚು ಮಾಡಬಹುದಾದ ಮೊತ್ತ, ಕೇಳಬಹುದು, ಕೊಟ್ಟೇ ಕೊಡುತ್ತಾರೆ ಅಂತಿಲ್ಲ. ರದ್ದು ಮಾಡುವುದಿದ್ದರೆ ಕೊನೆಯ ಕಂತಿಗೆ ಮುಂಚೆ ಮಾಡಿದರೆ ನಷ್ಟ ಕಡಿಮೆ.